ಲಿಂಡ್ಲರ್ ಪ್ರಯೋಗ, ಮೂರನೇ ವಾರ: ಕೊನೆಗೂ ಎಣ್ಣೆ ಬಂತು

ಲಿಂಡ್ಲರ್ ಕ್ಯಾಟಲಿಸ್ಟ್ (ಕ್ರಿಯೆಯ ವೇಗ ಹೆಚ್ಚಿಸುವ ವಸ್ತು) ಬಳಸಿ ಡೈಫಿನೈಲ್‌ಅಸಿಟಿಲೀನ್‌ನ ತ್ರಿಬಂಧಕ್ಕೆ, ಅಂದರೆ ಎರಡು ಕಾರ್ಬನ್‌ಗಳ ನಡುವಿನ ಮೂರು ಬಂಧಕ್ಕೆ, ಒಂದೇ ಒಂದು ಹೈಡ್ರೋಜನ್ ಅಣು ಸೇರಿಸಬೇಕು. ಅದರ ಎರಡೂ ಪರಮಾಣುಗಳು ಒಂದೇ ಬದಿಯಿಂದ ಸೇರಬೇಕು. ಆಗ ಸಿಗೋದು ಸಿಸ್-ಸ್ಟಿಲ್ಬೀನ್, ಕೋಣೆಯ ತಾಪದಲ್ಲಿ ಎಣ್ಣೆಯಂಥ ದ್ರವ. ಮೂಲ ಆಲ್ಕೈನ್ (ತ್ರಿಬಂಧವಿರುವ ಡೈಫಿನೈಲ್‌ಅಸಿಟಿಲೀನ್), ಹೈಡ್ರೋಜನ್‌ಗಳು ಎದುರುಬದುರಾಗಿರುವ ಟ್ರಾನ್ಸ್-ಸ್ಟಿಲ್ಬೀನ್, ಹೈಡ್ರೋಜನ್ ಜಾಸ್ತಿಯಾದರೆ ಬರುವ ಬೈಬೆಂಜೈಲ್, ಈ ಮೂರೂ ಘನ. ಹಾಗಾಗಿ ರೋಟವೇಪ್ (ದ್ರಾವಕ ಆವಿಮಾಡುವ ಯಂತ್ರ) ಫ್ಲಾಸ್ಕಿನಲ್ಲಿ ಬಿಳಿ ಹರಳು ಕಂಡರೆ ಎನ್‌ಎಂಆರ್ (ಯಾವ ಅಣು ಅಂತ ಪೀಕ್‌ಗಳಿಂದ ಗುರುತಿಸುವ ಪರೀಕ್ಷೆ) ತೆಗೆಯುವ ಮೊದಲೇ ಮುಖ ಸಪ್ಪಗಾಗುತ್ತದೆ.

ಮೊದಲ ವಾರ ಹಾಗೇ ಆಯಿತು. ಕ್ಯಾಟಲಿಸ್ಟಿನ ಚುರುಕು ತಗ್ಗಿಸುವ ಕ್ವಿನೋಲಿನ್ ಹಾಕದೆ, ಹೈಡ್ರೋಜನ್ ಬಲೂನ್ ಕಟ್ಟಿ ರಾತ್ರಿಯಿಡೀ ಬಿಟ್ಟಿದ್ದೆ. ಬೆಳಿಗ್ಗೆ ಎನ್‌ಎಂಆರ್‌ನಲ್ಲಿ 2.92 ಪಿಪಿಎಂ (ಪೀಕ್‌ನ ಜಾಗ ಹೇಳುವ ಅಳತೆ) ಬಳಿ ದೊಡ್ಡ ಪೀಕ್, ಬರೀ ಬೈಬೆಂಜೈಲ್. ಸೋಮಾರಿತನದ ಫಲ.

ಎರಡನೇ ವಾರ ಕ್ವಿನೋಲಿನ್ ಹಾಕಿದೆ, ಟಿಎಲ್‌ಸಿ (ತೆಳು ಪದರದ ಮೇಲೆ ವಸ್ತುಗಳನ್ನು ಚುಕ್ಕೆಗಳಾಗಿ ಬೇರ್ಪಡಿಸುವ ಪರೀಕ್ಷೆ) ನಂಬಿ ಕೆಟ್ಟೆ. ಹೆಕ್ಸೇನ್ ದ್ರಾವಕದಲ್ಲಿ ಆಲ್ಕೈನ್, ಆಲ್ಕೀನ್ (ದ್ವಿಬಂಧವಿರುವ ಸ್ಟಿಲ್ಬೀನ್) ಎರಡರ ಚುಕ್ಕೆಗಳೂ ಅಂಟಿಕೊಂಡೇ ಓಡುತ್ತವೆ. ಇನ್ನೂ ಆಲ್ಕೈನ್ ಇದೆ ಅಂದುಕೊಂಡು ಒಂದು ಗಂಟೆ ಹೆಚ್ಚು ಬಿಟ್ಟೆ. ಮತ್ತೆ ಹರಳು.

ಆಮೇಲೆ ಕೂತು ಯೋಚಿಸಿದೆ. ಲಿಂಡ್ಲರ್ ಕ್ಯಾಟಲಿಸ್ಟ್ ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಮೇಲಿನ ಪಲ್ಲಾಡಿಯಂ, ಅದರ ಚುರುಕು ತಗ್ಗಿಸಲು ಸೀಸ. ಆದರೆ ಆಯ್ಕೆಯ ಗುಟ್ಟು ಬರೀ ಸೀಸದಲ್ಲಿಲ್ಲ. ಆಲ್ಕೈನ್ ಲೋಹಕ್ಕೆ ಹೆಚ್ಚು ಬಿಗಿಯಾಗಿ ಅಂಟುತ್ತೆ, ಆಲ್ಕೀನ್‌ಗೆ ಜಾಗವನ್ನೇ ಬಿಡೋದಿಲ್ಲ. ಆಲ್ಕೈನ್ ಮುಗಿಯುತ್ತಾ ಬಂದಾಗ ಜಾಗ ಖಾಲಿ, ಆಲ್ಕೀನ್ ಸರದಿ ಶುರು. ಅಂದಮೇಲೆ ಎಡವಟ್ಟಾಗೋದು ಕೊನೇ ಹತ್ತಿಪ್ಪತ್ತು ನಿಮಿಷದಲ್ಲಿ, ಅಲ್ವಾ?

ಅದಕ್ಕೇ ಈ ವಾರ ಬಲೂನ್ ಬಿಟ್ಟು ಗ್ಯಾಸ್ ಬ್ಯುರೆಟ್ (ಖರ್ಚಾದ ಅನಿಲವನ್ನು ನೀರಿನ ಮಟ್ಟದಿಂದ ಅಳೆಯುವ ಗಾಜಿನ ಕೊಳವೆ) ಹಿಡಿದೆ. 5 ಮಿಲಿಮೋಲ್ ಆಲ್ಕೈನ್, ಅಂದರೆ 891 ಮಿಲಿಗ್ರಾಂ. 25 ಡಿಗ್ರಿಯಲ್ಲಿ ಅದಕ್ಕೆ ಬೇಕಾದ ಹೈಡ್ರೋಜನ್ ಸುಮಾರು 122 ಮಿಲಿಲೀಟರ್. ನೀರಿನ ಮಟ್ಟ ಒಂದೇ ಸಮನೆ ಏರುತ್ತಿತ್ತು. 110 ದಾಟಿದ ಮೇಲೆ ನಿಧಾನವಾಯಿತು, ಆದರೆ ನಿಲ್ಲಲಿಲ್ಲ. ತಾನಾಗೇ ನಿಲ್ಲುತ್ತೆ ಅಂತ ಕಾಯುತ್ತಿದ್ದರೆ ಮತ್ತೆ ಹರಳೇ ಗತಿ. 122ಕ್ಕೆ ಕಾಕ್ ತಿರುಗಿಸಿಬಿಟ್ಟೆ.

ಸೆಲೈಟ್ (ಸೋಸಲು ಬಳಸುವ ಪುಡಿ) ಮೇಲೆ ಸೋಸುವಾಗ ಪಲ್ಲಾಡಿಯಂ ಒಣಗದ ಹಾಗೆ ನೋಡಿಕೊಂಡೆ. ಹೈಡ್ರೋಜನ್ ಹೀರಿದ ಪುಡಿ ಗಾಳಿಗೆ ಒಣಗಿದರೆ ಹೊತ್ತಿಕೊಳ್ಳುತ್ತೆ. ತೆಳು ಆಸಿಡ್‌ನಲ್ಲಿ ತೊಳೆದಾಗ ಕ್ವಿನೋಲಿನ್ ಹೋಯಿತು. ಫ್ಲಾಸ್ಕ್ ಓರೆ ಮಾಡಿದರೆ ತಳದಲ್ಲಿ ಬಣ್ಣವಿಲ್ಲದ ಎಣ್ಣೆ ಮೆಲ್ಲಗೆ ಹರಿಯಿತು. ಎನ್‌ಎಂಆರ್‌ನಲ್ಲಿ 6.60ರಲ್ಲಿ ಸಿಸ್-ಸ್ಟಿಲ್ಬೀನ್‌ನ ಚೂಪಾದ ಪೀಕ್. 2.92ರಲ್ಲಿ ಬೈಬೆಂಜೈಲ್‌ನ ಸಣ್ಣ ಗುಬುಟು ಇನ್ನೂ ಇದೆ. ಅಳತೆ ಸರಿಯಿದ್ದರೆ ಅಷ್ಟೇ ಆಲ್ಕೈನ್ ಕೂಡ ಉಳಿದಿರಬೇಕು. ಹೈಡ್ರೋಜನ್ ಲೆಕ್ಕ ಹಾಗೇ ಹೇಳುತ್ತೆ.

ಮುಂದಿನ ವಾರ ಇನ್ನೊಂದು ಆಲ್ಕೈನ್ ಆದ ಫಿನೈಲ್‌ಅಸಿಟಿಲೀನ್‌ಗೆ ಟ್ರೈಈಥೈಲ್‌ಸಿಲೇನ್ (ಸಿಲಿಕಾನ್ ಇರುವ ಸಂಯುಕ್ತ) ಸೇರಿಸೋದು. ಪ್ಲಾಟಿನಂ ಕ್ಯಾಟಲಿಸ್ಟ್ ಸಾಮಾನ್ಯವಾಗಿ ಸಿಲಿಕಾನನ್ನು ಸರಪಳಿಯ ತುದಿಗೆ ಕೂರಿಸುತ್ತದೆ. ಎನ್‌ಎಂಆರ್‌ನಲ್ಲಿ 19 ಹರ್ಟ್ಸ್ ಅಂತರದ ಜೋಡಿ ಪೀಕ್ ಕಂಡರೆ ಬೇಕಾದದ್ದು ಸಿಕ್ಕಿದ ಹಾಗೆ.