ಸೆಪ್ಟೆಂಬರ್‌ನಲ್ಲಿ ಕೊಡಚಾದ್ರಿ: ಕಾಡುದಾರಿಯಲ್ಲಿ ಹತ್ತುವವರಿಗೆ

ಕೊಡಚಾದ್ರಿಗೆ ಜನ ಮುಗಿಬೀಳುವುದು ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ. ನಾನು, ತಮ್ಮ, ಅವನ ಗೆಳೆಯ ಹೋಗಿದ್ದು ಸೆಪ್ಟೆಂಬರ್‌ನಲ್ಲಿ, ಅದೂ ವಾರದ ಮಧ್ಯೆ. ಜೀಪಿನಲ್ಲಲ್ಲ, ಕಾರೆಕಟ್ಟೆಯಿಂದ ಶುರುವಾಗುವ ಕಾಲುದಾರಿಯಲ್ಲಿ. ನೀವೂ ಹಾಗೇ ಹೋಗಬೇಕು ಅಂದುಕೊಂಡಿದ್ದರೆ ಮೊದಲೇ ಹೇಳಿಬಿಡುತ್ತೇನೆ. ಏರು ಹೇಗೋ ಹತ್ತಿಬಿಡಬಹುದು. ಹೊತ್ತಿನ ಲೆಕ್ಕ ತಪ್ಪಿದರೆ ಮಾತ್ರ ಪಾಡು ಬೇಡ.

ಜೂನ್, ಜುಲೈ, ಆಗಸ್ಟ್ ಬಿಟ್ಟುಬಿಡಿ. ಆ ಸೀಮೆಯ ಮಳೆ ಗೊತ್ತಲ್ವಾ? ಪಕ್ಕದಲ್ಲೇ ಹುಲಿಕಲ್, ಆ ಕಡೆ ಆಗುಂಬೆ. ಜೋರು ಮಳೆಯ ದಿನಗಳಲ್ಲಿ ಚಾರಣ ನಿಲ್ಲಿಸುವುದೂ ಉಂಟು. ಸೆಪ್ಟೆಂಬರ್ ಹೊತ್ತಿಗೆ ಮಳೆ ಬಿಟ್ಟು ಬಿಟ್ಟು ಬರುತ್ತದೆ, ಹಳ್ಳಗಳು ತುಂಬಿರುತ್ತವೆ, ಜನ ಇರುವುದಿಲ್ಲ. ಆದರೂ ಇದು ಮೂಕಾಂಬಿಕಾ ಅಭಯಾರಣ್ಯದ ಕಾಡು. ಯಾವ ದಾರಿ ತೆರೆದಿದೆ, ಗೈಡ್ ಬೇಕಾ, ಎಷ್ಟು ಗಂಟೆಯೊಳಗೆ ಒಳಗೆ ಬಿಡುತ್ತಾರೆ ಎನ್ನುವುದೆಲ್ಲ ಆಗಾಗ ಬದಲಾಗುತ್ತಿರುತ್ತದೆ. ಹಿಂದಿನ ದಿನವೇ ಅರಣ್ಯ ಇಲಾಖೆಯವರನ್ನು ಕೇಳಿಕೊಳ್ಳಿ. ಹಳೇ ವಿಡಿಯೋ ನೋಡಿಕೊಂಡು ಹೊರಡಬೇಡಿ. ಹಿಡ್ಲುಮನೆ ಜಲಪಾತದ ಪಕ್ಕದಲ್ಲಿ ಹತ್ತುವ ದಾರಿ ಇನ್ನೂ ಚಂದ ಅಂತ ಎಲ್ಲರೂ ಹೇಳುತ್ತಾರೆ. ಇರಬಹುದು. ನೀರು ಇಳಿಯುವ ಬಂಡೆಯ ಮೇಲೆ ಕೈಯೂರಿ ಹತ್ತುವ ಕೆಲಸ ಅದು. ಈ ತಿಂಗಳಲ್ಲಿ ನಾನಂತೂ ಯಾರಿಗೂ ಹೇಳುವುದಿಲ್ಲ.

ರಾತ್ರಿ ಕೊಲ್ಲೂರಿನಲ್ಲಿ ಉಳಿದುಕೊಂಡರೆ ಒಳ್ಳೆಯದು. ಬೆಳಗಿನ ಬಸ್ಸಿನಲ್ಲಿ ನಾಗೋಡಿ, ನಿಟ್ಟೂರು ಕಡೆ ಕೂತು ಕಾರೆಕಟ್ಟೆ ಅಂತ ಕಂಡಕ್ಟರ್‌ಗೆ ಹೇಳಿದರೆ ಇಳಿಸುತ್ತಾರೆ. ಅಲ್ಲಿಂದ ತುದಿಗೆ ಹೆಚ್ಚುಕಡಿಮೆ 10 ಕಿ.ಮೀ. ಕೇಳುವುದಕ್ಕೆ ಏನೂ ಅಲ್ಲ. ಮೊದಲರ್ಧ ನಿಜಕ್ಕೂ ಸಲೀಸು. ದಟ್ಟ ಕಾಡು, ಅಗಲವಾದ ದಾರಿ, ಎಲ್ಲೋ ಮೇಲೆ ಮಂಗಟ್ಟೆ ಹಕ್ಕಿಯ ಕೂಗು. ಮಾತಾಡಿಕೊಂಡು ನಡೆಯಬಹುದು. ನಡುವೆ ಕಾಡಿನಲ್ಲೊಂದು ಮನೆ-ಹೋಟೆಲ್ ಇದೆ. ಸೀಸನ್ ಅಲ್ಲದಾಗ ಅಲ್ಲಿ ತಿಂಡಿ ಸಿಕ್ಕೇ ಸಿಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ. ಬುತ್ತಿ ಕಟ್ಟಿಕೊಂಡೇ ಹೋಗಿ.

ಈ ಸಲೀಸು ದಾರಿಯಲ್ಲಿ ನಿಮ್ಮನ್ನು ಬಿಡದೆ ಕಾಡುವುದು ಇಂಬಳ, ಅಂದರೆ ಕಾಡಿನ ಜಿಗಣೆ. ನಿಂತರೆ ಹತ್ತುತ್ತದೆ, ಕೂತರೆ ಕೇಳುವುದೇ ಬೇಡ. ಮಂಡಿವರೆಗೆ ಬರುವ ಒತ್ತು ನೇಯ್ಗೆಯ ಇಂಬಳದ ಕಾಲ್ಚೀಲ ಸಿಗುತ್ತದೆ. ಪ್ಯಾಂಟನ್ನು ಅದರೊಳಗೆ ತೂರಿಸಿ ಕಟ್ಟಿಕೊಳ್ಳಿ. ಸುಣ್ಣ ಮತ್ತು ಹೊಗೆಸೊಪ್ಪಿನ ಪುಡಿ ಬಟ್ಟೆಯಲ್ಲಿ ಗಂಟು ಕಟ್ಟಿ ಒಂದು ಕೋಲಿನ ತುದಿಗೆ ಇಟ್ಟುಕೊಂಡರೆ ಹತ್ತಿದ್ದನ್ನು ಮುಟ್ಟಿ ಬೀಳಿಸಬಹುದು. ಕಚ್ಚಿಕೊಂಡುಬಿಟ್ಟಿದ್ದರೆ ಎಳೆಯಬೇಡಿ, ಬಾಯಿ ಅಂಟಿರುವಲ್ಲಿ ಉಗುರು ತೂರಿಸಿ ಪಕ್ಕಕ್ಕೆ ಸರಿಸಿ. ಆಮೇಲೂ ಸ್ವಲ್ಪ ಹೊತ್ತು ರಕ್ತ ಬರುತ್ತಲೇ ಇರುತ್ತದೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶ ಇದೆ, ಅಷ್ಟೇ. ತಮ್ಮನ ಗೆಳೆಯ ಪ್ರತಿ ಇಂಬಳಕ್ಕೂ ನಿಂತು ನಿಂತು ತೆಗೆಯುತ್ತಿದ್ದ, ಅಷ್ಟರಲ್ಲಿ ಇನ್ನೆರಡು ಹತ್ತಿರುತ್ತಿತ್ತು. ನಡೆಯುತ್ತಾ ಇರಿ. ಬಯಲು ಸಿಕ್ಕಾಗ ಒಂದೇ ಸಲ ನೋಡಿಕೊಳ್ಳಿ.

ಆ ಹೋಟೆಲ್ ದಾಟಿದ ಮೇಲೆ ದಾರಿ ಬೇರೆಯೇ. ಸೀದಾ ಏರು. ಮರದ ಬೇರುಗಳೇ ಮೆಟ್ಟಿಲು, ಮೇಲೆಲ್ಲ ಕೊಳೆತ ಎಲೆ, ಕೆಳಗೆ ಜಾರುವ ಕೆಮ್ಮಣ್ಣು. ಕಾಡು ಮುಗಿದು ಹುಲ್ಲುಗುಡ್ಡ ಬಂದಾಗ ಉಸಿರು ಬಿಡಬಹುದು ಅಂದುಕೊಂಡರೆ ಅಲ್ಲಿ ಗಾಳಿ ಕಾದಿರುತ್ತದೆ. ಕೊಡಚಾದ್ರಿ 1,343 ಮೀಟರ್ ಎತ್ತರ, ಕೊಲ್ಲೂರಿಗಿಂತ ಆರೇಳು ಡಿಗ್ರಿ ತಂಪು. ಮೈ ಒದ್ದೆಯಾಗಿದ್ದು ಗಾಳಿ ಬೀಸಿದರೆ ಇನ್ನೂ ಜಾಸ್ತಿ ಚಳಿ. ಹತ್ತಿಬಟ್ಟೆ ಬೇಡ, ಒಣಗುವುದೇ ಇಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಣ ಅಂಗಿ ಒಂದಿರಲಿ. ಛತ್ರಿ ತರುವವರಿದ್ದಾರೆ, ದಯವಿಟ್ಟು ಬೇಡ. ಆ ಗುಡ್ಡದ ಮೇಲೆ ಛತ್ರಿ ನಿಮ್ಮ ಮಾತು ಕೇಳುವುದಿಲ್ಲ. ಗುಡುಗು ಕೇಳಿದರೆ ಬಯಲಿನಲ್ಲಿ ಮುಂದೆ ಹೋಗಬೇಡಿ, ತಕ್ಷಣ ಕೆಳಗಿಳಿಯಿರಿ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಏನಾದರೂ ಕಾಣುತ್ತದಾ? ನಾವು ಹುಲ್ಲುಗುಡ್ಡಕ್ಕೆ ಬಂದಾಗ ಮುಂದೆ ಹೋಗುತ್ತಿದ್ದವನ ಬೆನ್ನೂ ಕಾಣುತ್ತಿರಲಿಲ್ಲ. ಮೇಲಿಂದ ಇಳಿದು ಬರುತ್ತಿದ್ದ ಊರಿನವರೊಬ್ಬರು, "ಅರ್ಧ ಗಂಟೆ ಕಾಯಿರಿ ಮಾರಾಯ್ರೆ, ಬಿಡ್ತದೆ" ಅಂದರು. ಕಾದೆವು. ಬಿಟ್ಟಿತು. ಪರದೆ ಎಳೆದ ಹಾಗೆ ಒಮ್ಮೆಗೇ ಕಣಿವೆ ಪೂರ್ತಿ ತೆರೆದುಕೊಂಡಿತು. ಒಂದರ ಹಿಂದೊಂದು ಹಸಿರು ಏಣುಗಳು, ಕಾಲಬುಡದಲ್ಲಿ ಕರ್ಣಕುಂಡಲ ಜಾತಿಯ ಪುಟ್ಟ ಗುಲಾಬಿ ಹೂಗಳು. ಐದು ನಿಮಿಷದಲ್ಲಿ ಮತ್ತೆ ಮುಚ್ಚಿತು. ಡಿಸೆಂಬರ್‌ನಲ್ಲಿ ಕಾಣುವಂತೆ ಅರಬ್ಬಿ ಸಮುದ್ರ, ಸೂರ್ಯಾಸ್ತ ಕಾಣಲಿಲ್ಲ. ಅದೇ ಬೇಕು ಅನ್ನುವವರು ಡಿಸೆಂಬರ್‌ನಲ್ಲೇ ಹೋಗಿ. ನನಗೆ ಈ ಐದು ನಿಮಿಷವೇ ಇಷ್ಟವಾಯಿತು.

ಕಾಯುವುದಕ್ಕೆ ಸಮಯ ಕೈಯಲ್ಲಿರಬೇಕು, ಹೊತ್ತಿನ ಲೆಕ್ಕ ಅಂದಿದ್ದು ಅದಕ್ಕೇ. ಸೆಪ್ಟೆಂಬರ್‌ನಲ್ಲಿ ಸೂರ್ಯ ಮುಳುಗುವುದು ಸುಮಾರು 6.30ಕ್ಕೆ. ಮೋಡವಿದ್ದರೆ ಕಾಡೊಳಗೆ ಐದೂವರೆಗೇ ಕತ್ತಲು. ಒದ್ದೆ ದಾರಿಯಲ್ಲಿ ಇಳಿಯುವುದಕ್ಕೆ ಹತ್ತಿದಷ್ಟೇ ಹೊತ್ತು ಬೇಕು, ಮಂಡಿ ನೋವಿದ್ದರೆ ಇನ್ನೂ ಜಾಸ್ತಿ. ಹಾಗಾಗಿ ಬೆಳಗ್ಗೆ 7ಕ್ಕೆಲ್ಲ ನಡೆಯಲು ಶುರು ಮಾಡಿ. ಎಲ್ಲೇ ಇದ್ದರೂ 12 ಗಂಟೆಗೆ ತಿರುಗಬೇಕು ಅಂತ ಕೆಳಗೇ ಮಾತಾಡಿಕೊಳ್ಳಿ. ಮೇಲೆ ಹೋದಮೇಲೆ ಇನ್ನು ಸ್ವಲ್ಪ, ಇನ್ನು ಸ್ವಲ್ಪ ಅನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರು ಇರುತ್ತಾರೆ. ನಮ್ಮಲ್ಲಿ ತಮ್ಮ.

ದಾರಿ ಮುಗಿಯುವುದು ಮೂಲ ಮೂಕಾಂಬಿಕೆಯ ಗುಡಿಯ ಹತ್ತಿರ. ಜೀಪುಗಳೂ ಇಲ್ಲಿಗೇ ಬರುತ್ತವೆ. ಗುಡಿಯ ಮುಂದೆ ಎತ್ತರದ ಕಬ್ಬಿಣದ ಕಂಬವಿದೆ, ನಿಂತು ನೋಡಿ. ಇಷ್ಟು ಮಳೆಗೆ ಮೈಯೊಡ್ಡಿಕೊಂಡೂ ಅದು ತುಕ್ಕು ತಿಂದು ಹೋಗಿಲ್ಲ. ಇಲ್ಲಿನ ಭಟ್ಟರ ಮನೆಯಲ್ಲಿ ಊಟ ಬೇಕಿದ್ದರೆ ಮೊದಲೇ ಫೋನ್ ಮಾಡಿ ತಿಳಿಸಿ. ಜನವೇ ಬರದ ದಿನ ಅವರಾದರೂ ಯಾರಿಗೆ ಅಂತ ಅನ್ನ ಮಾಡಿಡುತ್ತಾರೆ? ಸರ್ವಜ್ಞ ಪೀಠ ಇಲ್ಲಿಂದ ಮತ್ತೂ ಮೇಲೆ, ಕಡಿದಾದ ಏರು. ಶಂಕರಾಚಾರ್ಯರು ಧ್ಯಾನ ಮಾಡಿದರೆಂದು ನಂಬುವ ಸಣ್ಣ ಕಲ್ಲುಮಂಟಪ ಅದು. ಗಾಳಿ ಜೋರಿದ್ದರೆ ಮಂಟಪದ ಮರೆಯಲ್ಲಿ ಕೂತುಕೊಳ್ಳಿ, ಅಂಚಿಗೆ ಹೋಗಬೇಡಿ. ಅದರಾಚೆ ಇಳಿದು ಹೋಗುವ ಚಿತ್ರಮೂಲ ಗುಹೆಯನ್ನು ಒಣ ದಿನಗಳಿಗೆ ಇಟ್ಟುಕೊಳ್ಳಿ. ನಾವೂ ಬಿಟ್ಟೆವು.

ಇಳಿಯುವಾಗ ಹೆಜ್ಜೆ ಸಣ್ಣದಿರಲಿ, ಕೈಯಲ್ಲೊಂದು ಕೋಲಿರಲಿ. ಒದ್ದೆ ಬೇರಿನ ಮೇಲೆ ಕಾಲಿಡಬೇಡಿ, ಅದರಾಚೆಗೆ ಇಡಿ. ಸವೆದ ಅಡಿಯ ಶೂ ಇದ್ದರೆ ಹೊರಡುವ ಮುಂಚೆಯೇ ಬದಲಾಯಿಸಿ, ಹೊಚ್ಚ ಹೊಸದನ್ನೂ ಅವತ್ತೇ ಹಾಕಬೇಡಿ. ಮೊಬೈಲ್ ಸಿಗ್ನಲ್ ನಂಬಬೇಡಿ. ಮ್ಯಾಪ್ ಮೊದಲೇ ಇಳಿಸಿಕೊಂಡಿರಿ, ತಲೆಗೆ ಕಟ್ಟುವ ಟಾರ್ಚ್ ಎಲ್ಲರ ಹತ್ತಿರವೂ ಒಂದೊಂದು ಇರಲಿ. ಮಂಡಿ ಕೈಕೊಟ್ಟರೆ ಜೀಪಿನಲ್ಲಿ ಇಳಿಯೋಣ ಅಂದುಕೊಳ್ಳಬಹುದು. ಆದರೆ ಜನ ಕಡಿಮೆ ಇರುವ ದಿನಗಳಲ್ಲಿ ಜೀಪೇ ವಿರಳ, ಬಂದರೂ ಅದರ ಜನ ಅದರಲ್ಲೇ ಇರುತ್ತಾರೆ. ಸೀಟು ಸಿಗುತ್ತದಾ ಅಂತ ಗುಡಿಯ ಹತ್ತಿರವೇ ಡ್ರೈವರನ್ನು ಕೇಳಿಟ್ಟುಕೊಳ್ಳಿ.

ಕಾರೆಕಟ್ಟೆಗೆ ಇಳಿದ ಮೇಲೆ ಸಂಜೆ ಬಸ್ಸುಗಳು ಕಡಿಮೆ. ಬೆಳಗ್ಗೆ ಹೋಗುವಾಗಲೇ ಕಂಡಕ್ಟರ್ ಹತ್ತಿರ ವಾಪಸ್ ಬಸ್ಸಿನ ಟೈಮ್ ಕೇಳಿಕೊಳ್ಳಿ, ಕೊಲ್ಲೂರಿನ ಆಟೋದವರೊಬ್ಬರ ನಂಬರನ್ನೂ ಬರೆದುಕೊಂಡಿರಿ. ಬಸ್ ಹತ್ತುವ ಮುಂಚೆ ಶೂ ಬಿಚ್ಚಿ ಕೊಡವಿ, ಉಳಿದ ಇಂಬಳಗಳೆಲ್ಲ ಅಲ್ಲೇ ಇರುತ್ತವೆ.