ಕಪ್ಪು ಬಿಲ್ಲೆ ಮೇಲೆ ಬಿಳಿ ಉಪ್ಪು

ಕ್ರಿಸ್ಮಸ್ ಮರಕ್ಕೆ ತೂಗುಹಾಕಲು ನಾನೇ ಮಾಡಿ, ಪರೀಕ್ಷೆಗೆ ಬಚ್ಚಲ ಕಿಟಕಿಗೆ ನೇತು ಹಾಕಿದ ಬಿಲ್ಲೆಗೆ ಇವತ್ತು 14ನೇ ದಿನ. ಬೆಳಿಗ್ಗೆ ಎದ್ದ ಕೂಡಲೇ ಹಲ್ಲು ಕೂಡ ಉಜ್ಜದೆ ಅದನ್ನೇ ನೋಡಿದೆ. ಇನ್ನೂ ಕಪ್ಪಗೇ ಇದೆ. ಬೆರಳಿನಿಂದ ಒರೆಸಿದೆ, ಬಿಳಿ ಪುಡಿ ಹತ್ತಲಿಲ್ಲ. ಬಣ್ಣ ಹಚ್ಚದೆ ಬಿಟ್ಟಿದ್ದ ಹಿಂಬದಿಯನ್ನು ನಾಲಿಗೆಗೆ ಮುಟ್ಟಿಸಿದೆ. ಉಪ್ಪಿಲ್ಲ. ಸ್ವಲ್ಪ ಕಹಿ ಅಷ್ಟೇ. ಎರಡು ತಿಂಗಳ ಒದ್ದಾಟ ಮುಗಿಯಿತು ಅಂತ ಅಲ್ಲೇ ನಿಂತು ಅವ್ವನನ್ನು ಕೂಗಿದೆ.

ಹಿಂದೆ ಏನಾಯಿತು ಅಂತ ಹೇಳಿಬಿಡುತ್ತೇನೆ. ಈ ಸಲದ ಕ್ರಿಸ್ಮಸ್‌ಗೆ 48 ಬಿಲ್ಲೆ, 300 ರೂಪಾಯಿ ಒಳಗೆ. ಇದು ನಾನು ಹಾಕಿಕೊಂಡ ಲೆಕ್ಕ. ಅಂಗಡಿಯ ಹೊಳೆಯುವ ಚೆಂಡು ಬೇಡ, ನಮ್ಮ ಬೀದರದ್ದು ಅಂತ ಕಾಣಬೇಕು. ಹಾಗಾಗಿ ಬಿದರಿ ಕೆಲಸದ ನೋಟ: ಹೊಳಪಿಲ್ಲದ ಕಪ್ಪು, ಅದರ ಮೇಲೆ ಬೆಳ್ಳಿ ಗೆರೆ. ಮರ ಅಂತೂ ಪುಕ್ಕಟೆ. ಹೋದ ವರ್ಷದ ತೊಗರಿ ಕಟ್ಟಿಗೆ ಒಟ್ಟಿದಲ್ಲಿಂದ ಚೆನ್ನಾಗಿ ಕವಲೊಡೆದ ಒಂದು ಒಣ ಗಿಡ ಆರಿಸಿ, ಮರಳು ತುಂಬಿದ ಡಬ್ಬಿಯಲ್ಲಿ ನಿಲ್ಲಿಸಿದೆ. ತೊಗರಿ ಗಿಡದ ಕೊಂಬೆಗಳು ಎಷ್ಟು ಚಂದ ಮೇಲೆ ಏಳುತ್ತವೆ ಅಂತ ಹೊಲದಲ್ಲಿ ಯಾರೂ ನೋಡೋದಿಲ್ಲ. ಮನೆಯೊಳಗೆ ತಂದು ನಿಲ್ಲಿಸಿದರೆ ಗೊತ್ತಾಗುತ್ತದೆ.

ಇನ್ನೊಂದು ಮಾತು. ನಾನು ಮಾಡಿದ್ದನ್ನು ಬಿದರಿ ಅಂತ ಕರೆಯೋದಿಲ್ಲ, ನೀವೂ ಕರೆಯಬೇಡಿ. ಬಿದರಿ ಅಂದರೆ ಸತು ಮತ್ತು ತಾಮ್ರ ಕರಗಿಸಿ ಎರಕ ಹೊಯ್ದು, ಉಳಿಯಿಂದ ಗೆರೆ ಕೊರೆದು, ಆ ಗೆರೆಯೊಳಗೆ ಬೆಳ್ಳಿ ತಂತಿ ಬಡಿದು ಕೂರಿಸುವ ಕೆಲಸ. ಅದಕ್ಕೆ ಒಂದು ಜನ್ಮ ಬೇಕು. ನಮ್ಮ ಊರಿನ ಶಾಹ್ ರಶೀದ್ ಅಹ್ಮದ್ ಕಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತಲ್ಲ, ಅದು ಇದೇ ಕೆಲಸಕ್ಕೆ. ನನ್ನದು ಆ ಚೆಲುವಿನ ನೆನಪಿಗೆ ಮಾಡಿದ ಬಿಲ್ಲೆ.

ಶುರು ಮಾಡಿದ್ದು ದಸರೆ ಮುಗಿದ ಮೇಲೆ, ಉಪ್ಪು-ಮೈದಾ ಹಿಟ್ಟಿನಿಂದ. ಕಲಸೋದು, ಲಟ್ಟಿಸೋದು, ಡಬ್ಬಿ ಮುಚ್ಚಳದಿಂದ ಕತ್ತರಿಸೋದು ನಿಮಗೆಲ್ಲ ಗೊತ್ತಿರೋದೇ, ಬಿಡಿ. ಮಾಳಿಗೆ ಮೇಲೆ ನಾಲ್ಕು ದಿನ ಒಣಗಿಸಿದೆ. ಬಡಿದರೆ ಟಣ್ ಅನ್ನುತ್ತಿತ್ತು. ಕಪ್ಪು ಬಣ್ಣ ಎರಡು ಕೈ ಹೊಡೆದೆ. ಎಷ್ಟು ಚೆನ್ನಾಗಿ ಬಂತು ಅಂದರೆ ರಾತ್ರಿ ಹನ್ನೊಂದಕ್ಕೆ ಮಗಳನ್ನು ಎಬ್ಬಿಸಿ ತೋರಿಸಿದೆ.

ಆರನೇ ದಿನ ಬಿಲ್ಲೆಗಳ ಮೇಲೆ ಬಿಳಿ ಬಿಳಿ ಏನೋ ಎದ್ದಿತ್ತು. ಬೂಷ್ಟು ಅಂದುಕೊಂಡೆ. ಒದ್ದೆ ಬಟ್ಟೆಯಿಂದ ಒರೆಸಿದೆ, ಹೋಯಿತು. ಎರಡೇ ದಿನದಲ್ಲಿ ಮತ್ತೆ ಬಂತು, ಮೊದಲಿಗಿಂತ ಜಾಸ್ತಿ. ಬೆರಳಿಗೆ ಹಚ್ಚಿ ರುಚಿ ನೋಡಿದೆ. ಉಪ್ಪು! ಹಳೇ ಕಲ್ಲಿನ ಮನೆಯ ಗೋಡೆ ಬುಡದಲ್ಲಿ ಬಿಳಿ ಹಿಟ್ಟಿನ ಹಾಗೆ ಉಪ್ಪು ಎದ್ದು ಸುಣ್ಣ ಉದುರುತ್ತದಲ್ವಾ, ಥೇಟ್ ಅದೇ. ಬಿಳಿ ಬಿಲ್ಲೆ ಆಗಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಕಪ್ಪಿನ ಮೇಲೆ ಒಂದು ಕಣ ಎದ್ದರೂ ಎದ್ದು ಕಾಣುತ್ತದೆ.

ಸರಿಯಾಗಿ ಒಣಗಿಲ್ಲ ಅಂದುಕೊಂಡು ಎರಡನೇ ಸಲ ಕುಕ್ಕರ್‌ನಲ್ಲಿ ಬೇಯಿಸಿದೆ. ಕೇಕ್ ಮಾಡುವ ಹಾಗೆಯೇ, ಕೆಳಗೆ ಮರಳು ಹಾಕಿ, ರಿಂಗು ಸೀಟಿ ತೆಗೆದು. ಬಿಲ್ಲೆಗಳು ಪೂರಿ ಹಾಗೆ ಉಬ್ಬಿದವು. ಉರಿ ಸಣ್ಣ ಮಾಡಿ ಇನ್ನೊಂದಿಷ್ಟು ಬಿಲ್ಲೆ ಬೇಯಿಸಿದೆ. ಈ ಸಲ ಉಬ್ಬಲಿಲ್ಲ, ಸೀಳಿದವು. ಹದಿನೆಂಟರಲ್ಲಿ ಐದು ಉಳಿದವು. ಆ ಐದಕ್ಕೂ ಹತ್ತು ದಿನದಲ್ಲಿ ಉಪ್ಪು ಬಂತು.

ಮೂರನೇ ಸಲ ವಾರ್ನಿಶ್. ಎರಡೂ ಕಡೆ, ಅಂಚಿಗೂ, ಮೂರು ಕೈ. ಒಂದು ವಾರ ಏನೂ ಇಲ್ಲ. ಎಂಟನೇ ದಿನ ದಾರ ಪೋಣಿಸುವ ತೂತಿನ ಸುತ್ತ ತೆಳ್ಳಗೆ ಒಂದು ಬಿಳಿ ಉಂಗುರ ಕಂಡಿತು. ತೂತಿನ ಒಳಗೆ ವಾರ್ನಿಶ್ ಹೋಗಿರಲಿಲ್ಲ. ಆ ಉಂಗುರ ನೋಡಿದಾಗಲೇ ನನಗೆ ವಿಷಯ ಹೊಳೆದದ್ದು. ನಾನು ಇಷ್ಟು ದಿನ ಹಿಟ್ಟಿನಲ್ಲಿ ಉಳಿದ ನೀರಿನ ಜೊತೆ ಜಗಳ ಆಡುತ್ತಿದ್ದೆ. ನಿಜವಾಗಿ ನೀರು ಹೊರಗಿನಿಂದ ಬರುತ್ತಿತ್ತು. ರಾತ್ರಿ ಗಾಳಿಯ ತೇವವನ್ನು ಉಪ್ಪು ಎಳೆದುಕೊಳ್ಳುತ್ತದೆ, ಅದರಲ್ಲಿ ಕರಗುತ್ತದೆ. ಹಗಲು ಬಿಸಿಲಿಗೆ ಆ ನೀರು ಮೇಲಕ್ಕೆ ಬಂದು ಆರಿಹೋಗುತ್ತದೆ, ಉಪ್ಪನ್ನು ಅಲ್ಲೇ ಬಿಟ್ಟು. ಮರುದಿನ ಮತ್ತೆ ಅದೇ. ಎಲ್ಲಿ ದಾರಿ ಸಿಕ್ಕರೆ ಅಲ್ಲಿಂದ.

ಖಾತ್ರಿ ಮಾಡಿಕೊಳ್ಳಲು ಮೂರು ಬಿಲ್ಲೆ ಬೇರೆ ಮಾಡಿದೆ. ಒಂದನ್ನು ಮಾಳಿಗೆ ಮೇಲೆ ಇಟ್ಟೆ, ಒಂದನ್ನು ಬಚ್ಚಲ ಕಿಟಕಿಗೆ ಕಟ್ಟಿದೆ, ಒಂದನ್ನು ಬಿಗಿ ಮುಚ್ಚಳದ ಅಕ್ಕಿ ಡಬ್ಬಿಯೊಳಗೆ ಹೂತೆ. ಬಚ್ಚಲದ್ದು ನಾಲ್ಕೇ ದಿನಕ್ಕೆ ಬೆಳ್ಳಗಾಯಿತು. ಮಾಳಿಗೆಯದ್ದಕ್ಕೆ ಒಂಬತ್ತು ದಿನ ಬೇಕಾಯಿತು. ಅಕ್ಕಿ ಡಬ್ಬಿಯದ್ದು ಇವತ್ತಿಗೂ ಕಪ್ಪಗಿದೆ. ಆದರೆ ಕ್ರಿಸ್ಮಸ್ ಮರವನ್ನು ಅಕ್ಕಿ ಡಬ್ಬಿಯೊಳಗೆ ಇಡೋಕಾಗಲ್ಲವಲ್ಲ.

ಈ ನಡುವೆ ಇಲಿಯದ್ದೂ ಒಂದು ಪಾಲಿದೆ. ಮೈದಾ ವಾಸನೆಗೆ ಬಂದು ಐದು ಬಿಲ್ಲೆಗಳ ಅಂಚು ಕಡಿದು ಹೋಗಿತ್ತು. ಮಗಳು ನೋಡಿ, "ಪಪ್ಪಾ, ಇಲಿಗೆ ಕ್ರಿಸ್ಮಸ್ ಮೊದಲೇ ಬಂತು" ಅಂದಳು.

ನನ್ನನ್ನು ಜಾಸ್ತಿ ಕಾಡಿದ ವಿಚಾರ ಬೇರೆ. ಬಿದರಿಗೆ ಆ ಕಪ್ಪು ಬರೋದೇ ಉಪ್ಪಿನಂಥ ಗುಣದಿಂದ. ಬೀದರ ಕೋಟೆಯೊಳಗೆ ಬಿಸಿಲು ಮಳೆ ತಾಗದೆ ಬಿದ್ದ ಹಳೇ ಮಣ್ಣು ತಂದು, ನವಸಾಗರದ (ಅಮೋನಿಯಂ ಕ್ಲೋರೈಡ್ ಅನ್ನುವ ಉಪ್ಪು) ಜೊತೆ ನೀರಿಗೆ ಹಾಕಿ ಕುದಿಸಿ, ಅದರಲ್ಲಿ ಪಾತ್ರೆ ಅದ್ದುತ್ತಾರೆ. ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಕೆಲಸಗಾರರು ಆ ಮಣ್ಣನ್ನು ನಾಲಿಗೆಗೆ ಇಟ್ಟು ರುಚಿ ನೋಡಿಯೇ ಆರಿಸುತ್ತಾರೆ. ಅವರ ಕಪ್ಪನ್ನು ಹುಟ್ಟಿಸುವ ಗುಣವೇ ನನ್ನ ಕಪ್ಪನ್ನು ಕೆಡಿಸುತ್ತಿತ್ತು. ಮಾಳಿಗೆ ಮೇಲೆ ಕೂತು ಬಿಲ್ಲೆ ನೆಕ್ಕುವಾಗೆಲ್ಲ ಅವರೇ ನೆನಪಾಗುತ್ತಿದ್ದರು.

ದಾರಿ ತೋರಿಸಿದ್ದು ಅವ್ವ. ನವೆಂಬರ್ ಕೊನೆಯ ವಾರ, ನಾನು ನಾಲ್ಕನೇ ಸಲ ಮೈದಾ ಜರಡಿ ಹಿಡಿಯುತ್ತಿದ್ದೆ. ಅವ್ವ ಅಟ್ಟದ ಮೇಲಿಂದ ಒಂದು ಬುಟ್ಟಿ ಇಳಿಸಿ ನನ್ನ ಮುಂದೆ ಇಟ್ಟಳು.

"ಇದು ನೋಡು ತಮ್ಮಾ, ನೀ ಹುಟ್ಟೋ ಮೊದಲಿಂದು. ಇದಕ್ಕ ಎಂದಾದ್ರೂ ಉಪ್ಪು ಬಂದಿದ್ದು ಕಂಡೀಯೇನು?"

ಕಾಗದದ ಬುಟ್ಟಿ! ನಮ್ಮ ಕಡೆಯ ಹಳೇ ಮನೆಗಳಲ್ಲಿ ಇದು ಇದ್ದೇ ಇರುತ್ತಿತ್ತು. ರದ್ದಿ ಕಾಗದ ನೆನೆಸಿ, ಮೆಂತ್ಯ ಸೇರಿಸಿ ಅರೆದು, ಬೋರಲು ಹಾಕಿದ ಕೊಡದ ಮೇಲೆ ಬಡಿದು ಒಣಗಿಸಿದ್ದು. ಚಿಕ್ಕವನಿದ್ದಾಗ ಅದರಲ್ಲಿ ರೊಟ್ಟಿ ಇಡುತ್ತಿದ್ದರು. ಬೆರಳಿನಿಂದ ಬಾರಿಸಿದೆ, ಕಟ್ಟಿಗೆಯ ಸದ್ದು. ಕೈಗೆತ್ತಿದರೆ ಭಾರವೇ ಇಲ್ಲ. ಒಂದು ಹುಳ ಕೂಡ ಮುಟ್ಟಿಲ್ಲ. "ಮೆಂತ್ಯದ ಕಹಿಗೆ ಹುಳ ಬರಂಗಿಲ್ಲ" ಅಂದಳು ಅವ್ವ. ಮೆಂತ್ಯ ನೆನೆಸಿದರೆ ಲೋಳೆ ಬಿಡುತ್ತದಲ್ಲ, ಅದೇ ಇಲ್ಲಿ ಅಂಟು. ಇಲ್ಲಿ ಉಪ್ಪೇ ಇಲ್ಲ. ಇಲ್ಲದ್ದು ಮೇಲೆ ಬರೋದು ಎಲ್ಲಿಂದ?

ಮಾಡುವವರಿಗೆ ನನ್ನ ಅಳತೆ ಹೇಳುತ್ತೇನೆ. ಪೇಪರ್ ಮೂರು ದಿನ ನೆನೆಯಬೇಕು, ದಿನಾ ನೀರು ಬದಲಿಸಿ. ಹಿಂಡಿದ ಮುದ್ದೆ ಅರ್ಧ ಕೆಜಿಗೆ ಮೆಂತ್ಯ 50 ಗ್ರಾಂ, ರಾತ್ರಿಯೇ ನೆನೆ ಹಾಕಿದ್ದು. ಮೆಂತ್ಯ ಮೊದಲು ನುಣ್ಣಗೆ ಅರೆದುಕೊಳ್ಳಿ, ಆಮೇಲೆ ಕಾಗದ ಒಂದೊಂದೇ ಹಿಡಿ ಹಾಕಿ. ಒಮ್ಮೆಗೇ ತುಂಬಿದರೆ ಮಿಕ್ಸಿ ಸುಟ್ಟ ವಾಸನೆ ಬರುತ್ತದೆ. ನಮ್ಮದು ಬಂತು, ಮನೆಯಲ್ಲಿ ಅದಕ್ಕೆ ಇನ್ನೂ ಮಾತು ಕೇಳುತ್ತಿದ್ದೇನೆ. ಅರ್ಧ ಕೆಜಿ ಮುದ್ದೆಗೆ ಏಳು ಸೆಂಟಿಮೀಟರ್ ಅಗಲದ ಹದಿಮೂರು ಹದಿನಾಲ್ಕು ಬಿಲ್ಲೆ ಆಗುತ್ತವೆ.

ಬಿಸಿಲಿಗೆ ಇಟ್ಟ ಮೊದಲ ಎಂಟು ಬಿಲ್ಲೆ ಹಪ್ಪಳದ ಹಾಗೆ ಸೊಟ್ಟಗಾದವು. ನೆರಳಲ್ಲಿ, ಎರಡು ಹಳೇ ಬಟ್ಟೆ ನಡುವೆ, ಮೇಲೆ ಶಹಾಬಾದಿ ಕಲ್ಲಿನ ತುಂಡು ಹೇರಿ ಒಣಗಿಸಿದಾಗ ನೆಟ್ಟಗೆ ಬಂದವು. ಬಟ್ಟೆ ದಿನಕ್ಕೆರಡು ಸಲ ಬದಲಿಸಲೇಬೇಕು. ಒಣಗಿದ ಮೇಲೆ ಖಡುವಿನ (ಸೀಮೆಸುಣ್ಣದ) ಪುಡಿಗೆ ಫೆವಿಕಾಲ್ ಸೇರಿಸಿ ಸವರಿ, ಉಜ್ಜು ಕಾಗದದಿಂದ ತಿಕ್ಕಿದರೆ ಮೈ ನುಣುಪು. ತೂಕ ನೋಡಿ: ಉಪ್ಪಿನ ಬಿಲ್ಲೆ 38 ಗ್ರಾಂ ಇತ್ತು, ಕಾಗದದ್ದು 9. ತೊಗರಿ ಕೊಂಬೆಯ ತುದಿಗೆ ಕಟ್ಟಿದರೂ ಬಾಗುವುದಿಲ್ಲ.

ಇನ್ನು ಬೆಳ್ಳಿ ಗೆರೆ. ಮೊದಲು ಒಂದು ಅಂಗಡಿಯಿಂದ ಬೆಳ್ಳಿ ಬಣ್ಣದ ಕ್ರಾಫ್ಟ್ ವೈರ್ ತಂದೆ. ಎರಡು ಸಲ ಬಗ್ಗಿಸಿದರೆ ಬಣ್ಣ ಸುಲಿದು ಬಂತು. ಅದೇ ಅಂಗಡಿಯ ಕಪ್ಪು ಬಣ್ಣದ ಡಬ್ಬಿ ಮೇಲೆ "ಮ್ಯಾಟ್" ಅಂತ ಬರೆದಿತ್ತು, ಒಳಗೆ ಕನ್ನಡಿ ಹಾಗೆ ಹೊಳೆಯುವ ಬಣ್ಣ. ವಾಪಸ್ ಒಯ್ದರೆ, "ಡಬ್ಬಿ ಒಡದೀರಿ ಸರ್, ಹೆಂಗ ತಗೋಳ್ಳಿ?" ಅಂದರು. ಒಡೆಯದೆ ಒಳಗಿನ ಬಣ್ಣ ತಿಳಿಯೋದು ಹೇಗೆ, ನೀವೇ ಹೇಳಿ. ಕೊನೆಗೆ ಎರಡಕ್ಕೂ ಉತ್ತರ ಸಿಕ್ಕಿದ್ದು ಹಾರ್ಡ್‌ವೇರ್ ಅಂಗಡಿಯಲ್ಲಿ: ಶಾಲೆ ಹಲಗೆಗೆ ಹೊಡೆಯುವ ಬ್ಲ್ಯಾಕ್‌ಬೋರ್ಡ್ ಪೇಂಟು, ಮತ್ತೆ ಮೀಟರ್ ಬೋರ್ಡಿಗೆ ಹಾಕುವ ಫ್ಯೂಜ್ ವೈರ್. ಫ್ಯೂಜ್ ವೈರ್ ಅಂದರೆ ತವರ ಲೇಪಿಸಿದ ತಾಮ್ರ. ಮೆತ್ತಗೆ ಬಾಗುತ್ತದೆ, ಬೆಳ್ಳಿ ಹಾಗೇ ಕಾಣುತ್ತದೆ.

ಇಲ್ಲಿ ನಾನು ಒಂದು ದಿನ ಪೂರ್ತಿ ದಾರಿ ತಪ್ಪಿದೆ. ಬಿದರಿಯಲ್ಲಿ ತಂತಿ ಮೊದಲು, ಕಪ್ಪು ಕೊನೆಗೆ. ನಾನೂ ಹಾಗೇ ಮಾಡಿದೆ. ತಂತಿ ಕೂರಿಸಿ, ಮೇಲೆ ಬಣ್ಣ ಹೊಡೆದು, ತಂತಿ ಮೇಲಿನ ಬಣ್ಣವನ್ನು ಉಜ್ಜಿ ತೆಗೆದೆ. ಬಣ್ಣದ ಜೊತೆ ತವರವೂ ಹೋಗಿ ಕೆಂಪು ತಾಮ್ರ ಕಂಡಿತು. ಕೋಟೆ ಮಣ್ಣಿಗೆ ಬೆಳ್ಳಿ ಯಾವುದು ಅಂತ ಗೊತ್ತು. ಪೇಂಟಿಗೆ ಗೊತ್ತಿಲ್ಲ. ಹಾಗಾಗಿ ಕ್ರಮ ತಿರುಗಿಸಿದೆ. ಬಿಲ್ಲೆ ಅರೆ ಒಣಗಿದಾಗ ಕೈವಾರದ ಮೊನೆಯಿಂದ ಗೆರೆ ಕೊರೆದು, ಪೂರ್ತಿ ಒಣಗಿದ ಮೇಲೆ ಕಪ್ಪು ಎರಡು ಕೈ. ಆಮೇಲೆ ಅದೇ ಗೆರೆಯಲ್ಲಿ ಇನ್ನೊಮ್ಮೆ ಮೊನೆ ಎಳೆದು, ಸೂಜಿ ತುದಿಯಷ್ಟು ಫೆವಿಕಾಲ್ ಬಿಟ್ಟು, ತಂತಿ ಇಟ್ಟು ಚಮಚದ ಬೆನ್ನಿನಿಂದ ಒತ್ತಬೇಕು. ಮೂಲೆ ತಿರುಗುವಲ್ಲಿ ತಂತಿ ಎದ್ದು ನಿಲ್ಲುತ್ತದೆ. ಅಲ್ಲಿ ಮಾತ್ರ ತುಂಡು ಮಾಡಿ ಹೊಸ ತಂತಿಯಿಂದ ಶುರು ಮಾಡಿ, ಬಗ್ಗಿಸಲು ಹೋಗಬೇಡಿ. ಕೊನೆಗೆ ಹತ್ತಿ ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ತಿಕ್ಕಿದೆ, ಬಿದರಿಗೂ ಎಣ್ಣೆ ಹಚ್ಚುತ್ತಾರಲ್ಲ ಹಾಗೆ. ಬೂದು ಬೂದಾಗಿದ್ದ ಕಪ್ಪು ಗಾಢವಾಯಿತು, ತಂತಿ ಎದ್ದು ಬೆಳಗಿತು. ಎಂಟು ಮೂಲೆಯ ನಕ್ಷತ್ರ ಹಾಕಿದ ಮೊದಲ ಬಿಲ್ಲೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಸುಮ್ನೆ ನೋಡುತ್ತಾ ಕೂತೆ. ಎಷ್ಟು ಹೊತ್ತು ಅಂತ ನೆನಪಿಲ್ಲ.

ಖರ್ಚು: ಮೆಂತ್ಯ 200 ಗ್ರಾಂ, ಗಾಂಧಿ ಗಂಜ್‌ನಿಂದ, 24 ರೂಪಾಯಿ. ಫ್ಯೂಜ್ ವೈರ್ 60, ಬ್ಲ್ಯಾಕ್‌ಬೋರ್ಡ್ ಪೇಂಟ್ 95, ಫೆವಿಕಾಲ್ 40, ಉಜ್ಜು ಕಾಗದ 16. ಒಟ್ಟು 235. ಕೆಟ್ಟ ಮೂರು ಸಲದ ಮೈದಾ, ಉಪ್ಪು, ವಾರ್ನಿಶ್, ಆ ಹಾಳು ವೈರ್ ಮತ್ತು ಬಣ್ಣದ ಲೆಕ್ಕ ಬೇರೆ. ಅದನ್ನೂ ಕೂಡಿಸಿದರೆ 300 ದಾಟುತ್ತದೆ, ಮುಚ್ಚಿಡೋದಿಲ್ಲ.

ಮುಂದಿನ ವರ್ಷದ್ದು ಈಗಲೇ ತಲೆಯಲ್ಲಿ ಕುಣಿಯುತ್ತಿದೆ. ಕೋಟೆಯ ರಂಗೀನ ಮಹಲ್ ನೋಡಿದ್ದೀರಲ್ವಾ? ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ್ದಾರಲ್ಲ, ಆ ಬಳ್ಳಿ, ಆ ಹೂವು. ಅದೇ ನೋಟದ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಮಾಡಬೇಕು. ಚಿಪ್ಪಿನ ಬದಲು ಮೊಟ್ಟೆ ಸಿಪ್ಪೆ. ಕಪ್ಪು ಬಳಿದ ಕಾಗದದ ಗೋಡೆ, ಅದರಲ್ಲಿ ಸಿಪ್ಪೆಯ ಚೂರು ಒಂದೊಂದೇ ಚಿಮಟಿಗೆಯಿಂದ ಇಟ್ಟು. ಕೇಕ್‌ಗೆ ಒಡೆದ ಮೊಟ್ಟೆಯ ಸಿಪ್ಪೆಗಳನ್ನು ಈಗಾಗಲೇ ತೊಳೆದು, ಒಳಗಿನ ಪೊರೆ ತೆಗೆದು ಡಬ್ಬಿ ತುಂಬಿಸಿದ್ದೇನೆ. ಪೊರೆ ತೆಗೆಯದೆ ಹಾಗೇ ಬಿಟ್ಟರೆ ಅಂಟು ಹಿಡಿಯಲ್ಲ, ನಾಲ್ಕು ಚೂರು ಅಂಟಿಸಿ ನೋಡಿದ್ದೇನೆ. ಆದರೆ ಇದು ಜನವರಿಯ ಮಾತು.

ಸದ್ಯಕ್ಕೆ 31 ಬಿಲ್ಲೆ ತಯಾರು, 17 ಬಾಕಿ. ತಂತಿ ಮುಗಿದಿದೆ, ನಾಳೆ ತಂತಿ ಸುತ್ತಿದ ಇನ್ನೊಂದೆರಡು ಕಾರ್ಡ್ ತರಬೇಕು. ಬಚ್ಚಲ ಕಿಟಕಿಯ ಬಿಲ್ಲೆಯನ್ನು ಇಳಿಸೋದಿಲ್ಲ, ಹೊಸ ವರ್ಷದ ತನಕ ಅಲ್ಲೇ ಇರಲಿ. ನಿನ್ನೆ ಅರೆದ ಮುದ್ದೆಯಲ್ಲಿ ಒಂದು ಪಾಲು ಕಡಿಮೆ ಬಿದ್ದಿತ್ತು. ಎಲ್ಲಿ ಹೋಯಿತು ಅಂತ ಹುಡುಕಿದರೆ, ಅವ್ವ ಹಿತ್ತಲಲ್ಲಿ ಕೊಡ ಬೋರಲು ಹಾಕಿ ಅದರ ಮೇಲೆ ಬಡಿಯುತ್ತಾ ಕೂತಿದ್ದಾಳೆ.