ಗ್ಯಾಸ್ ತುಂಬಿಸುವ ಮೊದಲು ಸೋರಿಕೆ ಎಲ್ಲಿದೆ ನೋಡಿ

ಕಾರಿನ ಎಸಿ ಗ್ಯಾಸ್ ಖರ್ಚಾಗುವ ವಸ್ತುವಲ್ಲ. ಕಾರುಗಳ ಎಸಿ ರಿಪೇರಿಯೇ ನನ್ನ ಕಸುಬು. ಬನಶಂಕರಿ ಕಡೆಯ ನಮ್ಮ ಶೆಡ್ಡಿಗೆ ಬರುವವರಿಗೆ ನಾನು ಎಲ್ಲಕ್ಕಿಂತ ಹೆಚ್ಚು ಸಲ ಹೇಳಿರುವ ಮಾತು ಇದು. ಮುಚ್ಚಿದ ಕೊಳವೆಗಳ ಒಳಗೆ ಆ ಅನಿಲ ಸುತ್ತುತ್ತಲೇ ಇರಬೇಕು. ಕಡಿಮೆಯಾಗಿದೆ ಎಂದರೆ ಎಲ್ಲಿಂದಲೋ ಹೊರಗೆ ಹೋಗಿದೆ. ರಬ್ಬರ್ ಹೋಸ್‌ಗಳ ಮೂಲಕ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಜಿನುಗುವುದು ನಿಜ. ಆದರೆ ಮಾರ್ಚ್‌ನಲ್ಲಿ ತುಂಬಿಸಿದ್ದು ಮೇ ತಿಂಗಳಿಗೆ ಖಾಲಿಯಾದರೆ ಅದು ಸೋರಿಕೆಯೇ, ಬೇರೇನೂ ಅಲ್ಲ.

ಆದರೂ ಬೇಸಿಗೆ ಬಂತೆಂದರೆ ಹತ್ತರಲ್ಲಿ ಎಂಟು ಮಂದಿಯ ಕೋರಿಕೆ ಒಂದೇ: ‘ಗ್ಯಾಸ್ ತುಂಬಿಸಿ ಕಳಿಸಿಬಿಡಿ.’ ಅವರ ಅವಸರ ನನಗೆ ಅರ್ಥವಾಗುತ್ತದೆ. 2016ರ ಏಪ್ರಿಲ್‌ನಲ್ಲಿ ಈ ಊರಿನ ಉಷ್ಣಾಂಶ 39.2 ಡಿಗ್ರಿ ಮುಟ್ಟಿತ್ತು. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಹೊಗೆ, ದೂಳಿನಲ್ಲಿ ಗಾಜು ಇಳಿಸಿ ಕೂರಲು ಸಾಧ್ಯವಿಲ್ಲ. ಗ್ಯಾಸ್ ತುಂಬಿಸಲು ಎರಡು ಸಾವಿರದ ಆಸುಪಾಸು ಸಾಕು, ಒಂದು ಗಂಟೆಯ ಕೆಲಸ. ಸೋರಿಕೆ ಹುಡುಕಲು ಅರ್ಧ ದಿನ ಬೇಕು, ಅದಕ್ಕೆ ಕೂಲಿಯೂ ಬೇಕು. ಹುಡುಕುವುದಕ್ಕೆ ಹಣ ಕೊಡುವುದು ಅನೇಕರಿಗೆ ದಂಡ ಎನಿಸುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಎಣ್ಣೆ. ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್‌ಗೆ ಎಂಜಿನ್ನಿನ ಹಾಗೆ ಬೇರೆ ಎಣ್ಣೆಯ ಏರ್ಪಾಡು ಇರುವುದಿಲ್ಲ. ಒಳಗಿನ ಎಣ್ಣೆ ಗ್ಯಾಸ್ ಜೊತೆಗೇ ಸುತ್ತಿ, ಗ್ಯಾಸ್ ಜೊತೆಗೇ ಕಂಪ್ರೆಸರ್‌ಗೆ ಮರಳಬೇಕು. ಸೋರುವಾಗ ಎಣ್ಣೆಯೂ ಹೊರಬರುತ್ತದೆ. ಗ್ಯಾಸ್ ಕಡಿಮೆಯಾದಂತೆ ಉಳಿದ ಎಣ್ಣೆಯೂ ಸರಿಯಾಗಿ ಮರಳುವುದಿಲ್ಲ. ಬರೀ ಗ್ಯಾಸ್ ತುಂಬಿಸುತ್ತಾ ಹೋದವರ ಕಂಪ್ರೆಸರ್ ಹೀಗೆ ಒಣಗಿ ಸವೆದು ಒಂದು ದಿನ ಜಾಮ್ ಆಗುತ್ತದೆ. ಆಗ ಸವೆದ ಲೋಹದ ಪುಡಿ ಇಡೀ ವ್ಯವಸ್ಥೆಗೆ ಹರಡುತ್ತದೆ. ಗ್ಯಾಸಿನ ಬಿಸಿ ಹೊರಹಾಕುವ ಈಗಿನ ಕಂಡೆನ್ಸರ್‌ಗಳ ಸಣ್ಣ ರಂಧ್ರಗಳಲ್ಲಿ ಸಿಕ್ಕಿಕೊಂಡ ಪುಡಿಯನ್ನು ಎಷ್ಟು ತೊಳೆದರೂ ಪೂರ್ತಿ ತೆಗೆಯಲಾಗದು. ಕಂಪ್ರೆಸರ್, ಕಂಡೆನ್ಸರ್, ತೇವ ಹೀರುವ ಡ್ರೈಯರ್, ಗ್ಯಾಸ್ ಅಳೆದು ಬಿಡುವ ಎಕ್ಸ್‌ಪ್ಯಾನ್ಷನ್ ವಾಲ್ವ್ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕು. ಸೋರದಂತೆ ತಡೆಯುವ ಕೆಲವು ನೂರು ರೂಪಾಯಿಯ ಸೀಲ್ ನಲವತ್ತು ಸಾವಿರದ ಬಿಲ್ಲಾಗುವುದು ಹೀಗೆ.

ಕಳೆದ ಬೇಸಿಗೆಯಲ್ಲಿ ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಓಡಿಸುವ ಚಾಲಕರೊಬ್ಬರು ಬಂದರು. ಬೇರೆ ಕಡೆ ಪದೇ ಪದೇ ಗ್ಯಾಸ್ ತುಂಬಿಸಿದ್ದರು. ಕೊನೆಗೆ ಒಂದು ಕಡೆ ಕಂಪ್ರೆಸರ್ ಹೋಗಿದೆ, ಹೊಸದು ಹಾಕಬೇಕು ಎಂದು ಬರೆದುಕೊಟ್ಟಿದ್ದರಂತೆ. ಎಲ್ಲಿ ಸೋರುತ್ತಿದೆ ಎಂದು ಆ ಚೀಟಿಯಲ್ಲಿ ಒಂದಕ್ಷರವೂ ಇರಲಿಲ್ಲ. ಎಸಿ ಇಲ್ಲದ ಟ್ಯಾಕ್ಸಿಗೆ ಪ್ರಯಾಣಿಕರು ಕೊಡುವ ರೇಟಿಂಗ್ ಬಿದ್ದರೆ ಮುಂದಿನ ಬಾಡಿಗೆಗೆ ಏಟು. ಸಾಲದ ಕಂತಿನ ನಡುವೆ ಅಷ್ಟು ದೊಡ್ಡ ಮೊತ್ತ ಎಲ್ಲಿಂದ ತರುವುದೆಂದು ಅವರು ಕಂಗಾಲಾಗಿದ್ದರು. ಅಂಥವರ ಕೈಗೆ ಕಾರಣ ಹೇಳದೆ ಚೀಟಿ ಕೊಡುವುದು ಅನ್ಯಾಯ ಎಂದೇ ನನ್ನ ಎಣಿಕೆ.

ನಾವು ಮೊದಲು ಮಾಡುವ ಕೆಲಸ ಕಣ್ಣಿನದು. ಗ್ಯಾಸ್ ಕಾಣದು, ಎಣ್ಣೆ ಕಾಣುತ್ತದೆ. ಎಲ್ಲಿ ಎಣ್ಣೆ ಹೊರಬಂದಿದೆಯೋ ಅಲ್ಲಿ ದೂಳು ಕಚ್ಚಿಕೊಂಡು ಕಪ್ಪು ಜಿಡ್ಡಾಗಿರುತ್ತದೆ. ಈ ಟ್ಯಾಕ್ಸಿಯಲ್ಲಿ, ಕಂಪ್ರೆಸರನ್ನು ಎಂಜಿನ್ ಬೆಲ್ಟಿಗೆ ಜೋಡಿಸುವ ಕ್ಲಚ್ಚಿನ ಕೆಳಭಾಗದಲ್ಲಿ ಅಂಥ ಜಿಡ್ಡು ದಪ್ಪಗಿತ್ತು. ತಿರುಗುವ ಕ್ಲಚ್ ಚಿಮ್ಮಿದ ಎಣ್ಣೆ ಪಕ್ಕದ ತಗಡಿನ ಮೇಲೆ ಗೆರೆ ಎಳೆದಂತೆ ಬಿದ್ದಿತ್ತು. ಮುಂಭಾಗದ ಶಾಫ್ಟ್ ಸೀಲ್ ಹೋಗಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸುಳಿವು ಬೇಡ. ಆದರೂ ಒಂದು ಸುಳಿವಿಗೆ ನಿಲ್ಲಬಾರದು. ಸರ್ವಿಸ್ ಪೋರ್ಟಿನ ಪಿನ್ ವಾಲ್ವ್, ಪೈಪುಗಳ ಕೀಲಿನ ಓ ರಿಂಗ್, ಕಲ್ಲೇಟು ತಿಂದ ಕಂಡೆನ್ಸರ್ ಎಲ್ಲವನ್ನೂ ನೋಡಬೇಕು. ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್ ಸೋರುತ್ತಿದೆಯೇ ಎಂದು ತಿಳಿಯಲು ಡ್ಯಾಶ್‌ಬೋರ್ಡ್ ಬಿಚ್ಚಬೇಕಿಲ್ಲ. ಗ್ಯಾಸ್ ಗಾಳಿಗಿಂತ ಭಾರ. ಕೆಳಗೆ ನೀರು ತೊಟ್ಟಿಕ್ಕುವ ಪೈಪಿನ ಬಾಯಿಗೆ ಡಿಟೆಕ್ಟರ್ ಹಿಡಿದರೆ ಅದೇ ಕೂಗಿ ಹೇಳುತ್ತದೆ.

ಒತ್ತಡ ತೋರಿಸುವ ಗೇಜ್ ನೋಡಿ ಗ್ಯಾಸ್ ಅಳೆಯುವ ಅಭ್ಯಾಸವನ್ನು ನಮ್ಮ ಹುಡುಗರಿಗೆ ಬಿಡಿಸಿದ್ದೇನೆ. ನಾವು ತುಂಬುವ ಆರ್-134ಎ ಅನಿಲ 25 ಡಿಗ್ರಿಯಲ್ಲಿ, ಎಂಜಿನ್ ನಿಂತಿರುವಾಗ, ಸುಮಾರು 80 ಪಿಎಸ್‌ಐ ಒತ್ತಡ ತೋರಿಸುತ್ತದೆ. ಒಳಗೆ ದ್ರವವಾಗಿ ನಿಂತ ಗ್ಯಾಸ್ ನೂರು ಗ್ರಾಂ ಇದ್ದರೂ ಅಷ್ಟೇ, ನಾನೂರು ಗ್ರಾಂ ಇದ್ದರೂ ಅಷ್ಟೇ. ಇರುವುದನ್ನೆಲ್ಲ ಯಂತ್ರದಿಂದ ಹೊರತೆಗೆದು ತೂಗಬೇಕು, ಬಾನೆಟ್ ಕೆಳಗಿನ ಸ್ಟಿಕರ್‌ನಲ್ಲಿ ಬರೆದಿರುವ ತೂಕದೊಡನೆ ಹೋಲಿಸಬೇಕು. ಆ ಟ್ಯಾಕ್ಸಿಯಲ್ಲಿ ಅರ್ಧವೂ ಇರಲಿಲ್ಲ.

ವ್ಯಾಕ್ಯೂಮ್, ಅಂದರೆ ಗ್ಯಾಸ್ ತುಂಬುವ ಮೊದಲು ಕೊಳವೆಗಳ ಒಳಗಿನ ಗಾಳಿಯನ್ನು ಪಂಪ್‌ನಿಂದ ಎಳೆದು ತೆಗೆಯುವುದರ ಬಗ್ಗೆಯೂ ಒಂದು ಮಾತು. ಹೊಸದಾಗಿ ಸೇರಿದ ಹುಡುಗರು ಗೇಜ್ ಪಾದರಸದ ಲೆಕ್ಕದ 27 ಇಂಚಿಗೇ ನಿಂತಿತು, ಪಂಪ್ ಕೆಟ್ಟಿದೆ ಎಂದು ಓಡಿ ಬರುತ್ತಾರೆ. ಪುಸ್ತಕದಲ್ಲಿ 29 ಎಂದಿರುತ್ತದೆ. ಆ ಲೆಕ್ಕ ಸಮುದ್ರ ಮಟ್ಟದ್ದು, ಮಂಗಳೂರಿಗೆ ಸರಿ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿಯ ಒತ್ತಡವೇ ಕಡಿಮೆ, ಆದ್ದರಿಂದ ಒಳ್ಳೆಯ ಪಂಪ್ ಕೂಡ ಸುಮಾರು 27ಕ್ಕೇ ನಿಲ್ಲುತ್ತದೆ. ಇದು ಗೊತ್ತಿರದೆ ಸರಿಯಿರುವ ಪಂಪನ್ನು ಬಿಚ್ಚಿದವರನ್ನು ನೋಡಿದ್ದೇನೆ. ವ್ಯಾಕ್ಯೂಮ್ ನಿಂತರೂ ಸೋರಿಕೆ ಇಲ್ಲವೆಂದು ತೀರ್ಮಾನಿಸುವಂತಿಲ್ಲ, ಒಳಮುಖ ಒತ್ತಡಕ್ಕೆ ಸೀಲ್ ಒತ್ತಿಕೊಂಡು ಕೂರಬಹುದು. ಆ ಟ್ಯಾಕ್ಸಿಯ ಎಸಿಗೆ ನೈಟ್ರೋಜನ್ ತುಂಬಿ 150 ಪಿಎಸ್‌ಐಗೆ ಏರಿಸಿ, ಸೋಪಿನ ನೀರು ಸವರಿದಾಗ ಶಾಫ್ಟ್ ಬಳಿ ಸಣ್ಣ ಗುಳ್ಳೆಗಳು ಎದ್ದವು. ಚಾಲಕರನ್ನು ಕರೆದು ತೋರಿಸಿದೆ. ತಮ್ಮ ಹಣ ಎಲ್ಲಿಂದ ಹೊರಟುಹೋಗುತ್ತಿತ್ತು ಎಂಬುದನ್ನು ಅವರು ಮೊದಲ ಸಲ ಕಣ್ಣಾರೆ ಕಂಡರು.

ಸೀಲ್ ಬದಲಿಸಿದರೆ ಸಾಕೇ, ಕಂಪ್ರೆಸರ್ ಬದಲಿಸಬೇಕೇ? ಇದನ್ನು ಎಣ್ಣೆಯೇ ತೀರ್ಮಾನಿಸಬೇಕು. ಕಂಪ್ರೆಸರ್ ಇಳಿಸಿ ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಸುರಿಯುತ್ತೇವೆ. ತಿಳಿಯಾಗಿದ್ದರೆ ಒಳಭಾಗ ಆರೋಗ್ಯವಾಗಿದೆ. ಬೂದು ಬಣ್ಣವಿದ್ದು ಬೆಳ್ಳಿಯಂತೆ ಹೊಳೆಯುವ ಪುಡಿ ಕಂಡರೆ ಸೀಲ್ ಹಾಕುವುದು ವ್ಯರ್ಥ. ಶಾಫ್ಟ್ ಮೇಲೆ ಉಗುರಿಗೆ ಸಿಗುವಷ್ಟು ಗೀರು ಇದ್ದರೂ ಹೊಸ ಸೀಲ್ ಹೆಚ್ಚು ಕಾಲ ನಿಲ್ಲುವುದಿಲ್ಲ. ಟ್ಯಾಕ್ಸಿಯ ಎಣ್ಣೆ ತಿಳಿಯಾಗಿತ್ತು, ಶಾಫ್ಟ್ ನುಣುಪಾಗಿತ್ತು. ಸೀಲ್, ಓ ರಿಂಗ್‌ಗಳು, ಡ್ರೈಯರ್, ಅಳತೆಯ ಎಣ್ಣೆ, ತೂಕದ ಗ್ಯಾಸ್, ಕೂಲಿ ಸೇರಿ ಆರು ಸಾವಿರದೊಳಗೆ ಮುಗಿಯಿತು. ಡ್ರೈಯರ್ ಬೇಡವೆಂದು ಅನೇಕರು ಚೌಕಾಸಿ ಮಾಡುತ್ತಾರೆ, ನಾನು ಒಪ್ಪುವುದಿಲ್ಲ. ವ್ಯವಸ್ಥೆ ಬಿಚ್ಚಿದ ಮೇಲೆ ಅದು ಗಾಳಿಯ ತೇವವನ್ನು ಹೀರಿಕೊಂಡಿರುತ್ತದೆ.

ಕಂಪ್ರೆಸರ್ ನಿಜಕ್ಕೂ ಹೋಗಿದ್ದರೆ ದಾರಿ ಮೂರು. ಸಣ್ಣ ಕಾರಿಗೆ ಹೊಸದು ಇಪ್ಪತ್ತು ಸಾವಿರದ ಆಸುಪಾಸು, ರಿಪೇರಿ ಮಾಡಿ ಮಾರುವಂಥದ್ದು ಅದರ ಅರ್ಧ, ಗುಜರಿಯದು ಇನ್ನೂ ಅಗ್ಗ. ಜೆ.ಸಿ. ರಸ್ತೆಯಲ್ಲಿ ಹೊಸದು ಸಿಗುತ್ತದೆ, ಬಿಲ್ ಕೇಳಿ ತೆಗೆದುಕೊಳ್ಳಬೇಕು. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳಿಗೆ ಜಿಎಸ್‌ಟಿ ಶೇ 18. ಮೊದಲು ಅನೇಕ ಭಾಗಗಳಿಗೆ ಶೇ 28 ಇತ್ತು. ಹಳೆಯ ಲೆಕ್ಕದಲ್ಲೇ ಬೆಲೆ ಹೇಳಿದರೆ ಕೇಳುವ ಹಕ್ಕು ನಿಮಗಿದೆ. ಗುಜರಿಯದ್ದನ್ನು ಕೊಳ್ಳುವವರು ಅದರ ಬಾಯಿಗಳಿಗೆ ಮುಚ್ಚಳ ಇದೆಯೇ ನೋಡಿ. ತೆರೆದ ಬಾಯಲ್ಲಿ ಮಳೆಗಾಲ ಕಳೆದ ಕಂಪ್ರೆಸರ್ ಒಳಗೆ ತೇವ ಸೇರಿರುತ್ತದೆ. ಅದಕ್ಕೆ ನಾನು ಗ್ಯಾರಂಟಿ ಕೊಡುವುದಿಲ್ಲ. ಬರೀ ಶಬ್ದ ಬರುತ್ತಿದ್ದರೆ ಕ್ಲಚ್ಚಿನ ಬೇರಿಂಗ್ ಮಾತ್ರ ಹೋಗಿರಬಹುದು, ಅದನ್ನಷ್ಟೇ ಬದಲಿಸಬಹುದು. ಸೋರಿಕೆ ಮುಚ್ಚುವ ಡಬ್ಬಿ ದ್ರಾವಣವನ್ನು ಮಾತ್ರ ದಯವಿಟ್ಟು ಯಾರೂ ಹಾಕಿಸಬೇಡಿ. ಅದು ವಾಲ್ವ್‌ನಲ್ಲಿ ಗಟ್ಟಿಯಾಗುತ್ತದೆ, ನಮ್ಮ ಯಂತ್ರವನ್ನೂ ಕೆಡಿಸುತ್ತದೆ.

ನಮ್ಮ ಶೆಡ್ಡಿನಲ್ಲಿ ಸ್ಪ್ಯಾನರ್ ಹಿಡಿಯುವ ಮೊದಲು ಚೀಟಿ ಬರೆಯುತ್ತೇವೆ: ಸೋರಿಕೆ ಎಲ್ಲಿ, ಹೇಗೆ ಗೊತ್ತಾಯಿತು, ಯಾವ ದಾರಿಗೆ ಎಷ್ಟು ಖರ್ಚು. ತೆಗೆದ ಹಳೆಯ ಭಾಗಗಳನ್ನು ಕವರಿನಲ್ಲಿ ಹಾಕಿ ಮಾಲೀಕರಿಗೇ ಕೊಡುತ್ತೇವೆ. ಹಳೆಯ ಗ್ಯಾಸನ್ನು ಗಾಳಿಗೆ ಬಿಡುವುದಿಲ್ಲ. ಆರ್-134ಎ ಓಜೋನ್ ಪದರಕ್ಕೆ ಹಾನಿ ಮಾಡದಿದ್ದರೂ, ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 1,430 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ಅರ್ಧ ಕೆ.ಜಿ. ಬಿಟ್ಟರೆ 700 ಕೆ.ಜಿ.ಗೂ ಮೀರಿದ ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ. ಇಂಥ ಅನಿಲಗಳನ್ನು ಕಡಿಮೆ ಮಾಡುವ ಅಂತರರಾಷ್ಟ್ರೀಯ ಒಪ್ಪಂದವಾದ ಕಿಗಾಲಿ ತಿದ್ದುಪಡಿಗೆ ಭಾರತ 2021ರಲ್ಲಿ ಒಪ್ಪಿಗೆ ಕೊಟ್ಟಿದೆ. ಸಹಿ ದೆಹಲಿಯಲ್ಲಿ ಬಿದ್ದರೂ, ಗ್ಯಾಸ್ ಗಾಳಿಗೆ ಹೋಗದಂತೆ ತಡೆಯಬೇಕಾದದ್ದು ನಮ್ಮಂಥ ಶೆಡ್ಡುಗಳಲ್ಲೇ.

ಈಗಲೇ ಹಣ ಇಲ್ಲ, ಕಾಯಬಹುದೇ ಎಂದು ಕೇಳುವವರೂ ಇದ್ದಾರೆ. ಮೊನ್ನೆ ಮಲ್ಲೇಶ್ವರದ ನಿವೃತ್ತ ಶಿಕ್ಷಕಿಯೊಬ್ಬರು ಸಂಕೋಚದಿಂದಲೇ ಕೇಳಿದರು. ಕಂಪ್ರೆಸರ್‌ಗೆ ಮ್ಯಾಗ್ನೆಟಿಕ್ ಕ್ಲಚ್ ಇದ್ದರೆ ಧಾರಾಳವಾಗಿ ಕಾಯಬಹುದು. ಕ್ಲಚ್ಚಿನ ವೈರಿನ ಕನೆಕ್ಟರ್ ತೆಗೆದಿಟ್ಟರೆ ಎಂಜಿನ್ ಓಡುವಾಗ ರಾಟೆ ಮಾತ್ರ ತಿರುಗುತ್ತದೆ, ಕಂಪ್ರೆಸರ್ ಸುಮ್ಮನಿರುತ್ತದೆ. ಒಳಗೆ ಗ್ಯಾಸ್ ಸ್ವಲ್ಪ ಉಳಿದಿರುವವರೆಗೆ ಗಾಳಿಯೂ ಒಳಗೆ ನುಗ್ಗುವುದಿಲ್ಲ. ಕ್ಲಚ್ ಇಲ್ಲದ ಹೊಸ ಮಾದರಿಗಳ ಮಾತು ಬೇರೆ. ಎಸಿ ಆಫ್ ಇದ್ದರೂ ಅವುಗಳ ಶಾಫ್ಟ್ ಬೆಲ್ಟಿನೊಂದಿಗೆ ಸದಾ ತಿರುಗುತ್ತಿರುತ್ತದೆ. ಎಣ್ಣೆಯಿಲ್ಲದೆ ಅದು ಜಾಮ್ ಆಗಿ ಬೆಲ್ಟ್ ಹರಿದರೆ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕೂಡ ನಿಂತು, ಹೆಬ್ಬಾಳದ ಮೇಲ್ಸೇತುವೆಯ ಮಧ್ಯದಲ್ಲೇ ಕಾರು ಕೈಕೊಡಬಹುದು. ಶಿಕ್ಷಕಿಯ ಕಾರಿನಲ್ಲಿ ಕ್ಲಚ್ ಇತ್ತು. ಕನೆಕ್ಟರ್ ತೆಗೆದು ಟೇಪ್ ಸುತ್ತಿ, ಪೋರ್ಟಿನ ಮುಚ್ಚಳಗಳನ್ನು ಬಿಗಿ ಮಾಡಿ, ಚೀಟಿಯನ್ನು ಕೈಗಿಟ್ಟು ಕಳಿಸಿದೆ. ಪಿಂಚಣಿಯ ಬಾಕಿ ಬಂದ ಮೇಲೆ ರಿಪೇರಿ ಮಾಡಿಸುತ್ತಾರೆ.